ಪೆನ್ಸಿಲ್ ಇಲ್ಲದೆ ದಾಟಲಾಗದ ಪೇಪರ್: ಡಿಗ್ರಿ ಮೊದಲ ವರ್ಷದ ಸೂಕ್ಷ್ಮ ಅರ್ಥಶಾಸ್ತ್ರ ಹೇಗಿದೆ?

ಬೆಂಗಳೂರಿನಲ್ಲಿ ಬಿ.ಎ., ಬಿ.ಕಾಂ., ಬಿ.ಬಿ.ಎ., ಬಿ.ಎಸ್‌ಸಿ. ಅರ್ಥಶಾಸ್ತ್ರ, ಯಾವುದಕ್ಕೆ ಸೇರಿದರೂ ಮೊದಲ ವರ್ಷದಲ್ಲಿ ಬಹುತೇಕ ಎದುರಾಗುವ ಪೇಪರ್ ಇದು. ಒಂದು ಕಡೆ ‘ಸೂಕ್ಷ್ಮ ಅರ್ಥಶಾಸ್ತ್ರ’, ಇನ್ನೊಂದು ಕಡೆ ‘ಬಿಸಿನೆಸ್ ಎಕನಾಮಿಕ್ಸ್’, ಮತ್ತೊಂದು ಕಡೆ ‘ಮೂಲ ಅರ್ಥಶಾಸ್ತ್ರ’. ಹೆಸರು ಬೇರೆಯಾದರೂ ಒಳಗಿನ ಸರಕು ಹೆಚ್ಚೂಕಡಿಮೆ ಒಂದೇ. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ: ಹೂರಣ ಚೆನ್ನಾಗಿದೆ, ಕಣಕ ಸರಿಯಾಗಿ ಕಲಸಿಲ್ಲ. ಲೆಕ್ಕ ಮಾಡಿ, ಗೆರೆ ಎಳೆದು ಕಲಿಯಬೇಕಾದ ವಿಷಯವನ್ನು ವ್ಯಾಖ್ಯೆ ಬರೆಸಿ, ಚಿತ್ರ ನಕಲು ಮಾಡಿಸಿ ಮುಗಿಸುವ ರೂಢಿ ಹಲವು ತರಗತಿಗಳಲ್ಲಿ ಇನ್ನೂ ಇದೆ. ನೋಟ್ಸ್ ನಂಬಿ ಕೂತವರಿಗೆ ಈ ಪೇಪರ್ ನೀರಸ, ಜೊತೆಗೆ ಅಪಾಯಕಾರಿ. ಪೆನ್ಸಿಲ್ ಹಿಡಿದವರಿಗೆ ಮೊದಲ ವರ್ಷದ ಎಲ್ಲ ಪೇಪರ್‌ಗಳಲ್ಲಿ ಇದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ.

ಒಳಗೆ ಸಾಮಾನ್ಯವಾಗಿ ಐದು ಭಾಗ. ಪೀಠಿಕೆ; ಬೇಡಿಕೆ, ಪೂರೈಕೆ ಮತ್ತು ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದರೆ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬ ಅಳತೆ); ಅನುಭೋಗಿಯ, ಅಂದರೆ ಗ್ರಾಹಕರ ವರ್ತನೆ; ಉತ್ಪಾದನೆ ಮತ್ತು ವೆಚ್ಚ; ಮಾರುಕಟ್ಟೆ ಸ್ವರೂಪಗಳು. ಕೆಲವು ಪಠ್ಯಕ್ರಮಗಳಲ್ಲಿ ಆರನೆಯದಾಗಿ ಗೇಣಿ, ಕೂಲಿ, ಬಡ್ಡಿ, ಲಾಭ. ಕಾಗದದ ಮೇಲೆ ಎಲ್ಲಕ್ಕೂ ಸಮನಾದ ಗಂಟೆ, ಆದರೆ ತರಗತಿಯಲ್ಲಿ ಹಾಗೆ ನಡೆಯುವುದಿಲ್ಲ. ಪೀಠಿಕೆಗೆ ಮೂರು ವಾರ ಹೋಗುತ್ತದೆ: ಅರ್ಥಶಾಸ್ತ್ರವೆಂದರೆ ಸಂಪತ್ತಿನ ಶಾಸ್ತ್ರವೋ, ಕ್ಷೇಮದ ಶಾಸ್ತ್ರವೋ, 1932ರಲ್ಲಿ ಲಯನೆಲ್ ರಾಬಿನ್ಸ್ ಹೇಳಿದಂತೆ ವಿರಳತೆಯ ಶಾಸ್ತ್ರವೋ ಎಂಬ ಹಳೆಯ ಪಂಚಾಯಿತಿ. ಪೇಪರಿನ ಬೆನ್ನೆಲುಬಾದ ವೆಚ್ಚದ ಅಧ್ಯಾಯ ಕೊನೆಯ ಹತ್ತು ದಿನದಲ್ಲಿ ಓಡಿಹೋಗುತ್ತದೆ. ಸ್ವಂತ ಓದಿನಲ್ಲಿ ಈ ಕ್ರಮವನ್ನು ತಿರುಗಿಸಬೇಕು. ಪೀಠಿಕೆಗೆ ಒಂದು ಸಂಜೆ ಸಾಕು, ವೆಚ್ಚಕ್ಕೆ ಎರಡು ವಾರ ಬೇಕು.

ಗಣಿತ ಎಷ್ಟು ಬೇಕು ಎಂದು ಕೇಳುವವರೇ ಹೆಚ್ಚು. ಎಸ್‌ಎಸ್‌ಎಲ್‌ಸಿ ಗಣಿತ ಸಾಕು: ಶೇಕಡಾವಾರು, ಸರಳ ರೇಖೆಯ ಇಳಿಜಾರು, ಎರಡು ಸಮೀಕರಣ ಬಿಡಿಸುವುದು, ತ್ರಿಕೋನದ ವಿಸ್ತೀರ್ಣ. ಬಿ.ಎಸ್‌ಸಿ. ಅಥವಾ ಬಿ.ಎ. ಆನರ್ಸ್ ಮಟ್ಟದಲ್ಲಿ ಮಾತ್ರ ಕಲನಶಾಸ್ತ್ರ ಬರುತ್ತದೆ. ಈ ಒಂದು ಲೆಕ್ಕದಿಂದ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಬೇಡಿಕೆ 100 − 2ಬೆ, ಪೂರೈಕೆ 20 + 2ಬೆ (ಇಲ್ಲಿ ಬೆ ಎಂದರೆ ಬೆಲೆ). ಸಮತೋಲನ ಬೆಲೆ 20, ಪ್ರಮಾಣ 60. ಮಾರುವವರ ಮೇಲೆ ಪ್ರತಿ ಘಟಕಕ್ಕೆ ₹10 ತೆರಿಗೆ ಹಾಕಿದರೆ ಪೂರೈಕೆ 20 + 2(ಬೆ − 10), ಅಂದರೆ ಬರೀ 2ಬೆ. ಹೊಸ ಬೆಲೆ 25, ಪ್ರಮಾಣ 50, ಮಾರುವವರ ಕೈಗೆ ಉಳಿಯುವುದು 15. ಹತ್ತರಲ್ಲಿ ಐದನ್ನು ಕೊಳ್ಳುವವರು, ಐದನ್ನು ಮಾರುವವರು ಹೊರುತ್ತಾರೆ. ಸರ್ಕಾರಕ್ಕೆ 500, ಯಾರಿಗೂ ದಕ್ಕದೆ ಹೋದದ್ದು ½ × 10 × 10 = 50. ಇದನ್ನು ಹತ್ತು ನಿಮಿಷದಲ್ಲಿ ಮಾಡಬಲ್ಲವರಿಗೆ ಈ ಪೇಪರಿನ ಯಾವ ಲೆಕ್ಕವೂ ಕಷ್ಟವಲ್ಲ. ಇನ್ನು ಈ ತೆರಿಗೆಯನ್ನು ಕೊಳ್ಳುವವರ ಮೇಲೆ ಹಾಕಿ ಮತ್ತೆ ಬಿಡಿಸಿ. ಉತ್ತರ ಅದೇ ಬರುತ್ತದೆ. ತೆರಿಗೆಯ ರಸೀದಿ ಯಾರ ಹೆಸರಿನಲ್ಲಿದೆ ಎಂಬುದಕ್ಕೂ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದಕ್ಕೂ ಸಂಬಂಧವಿಲ್ಲ ಎಂದು ಒಂದು ಪುಟ ಬರೆಸುವುದಕ್ಕಿಂತ ಈ ಎರಡು ಸಾಲು ಲೆಕ್ಕ ಮೇಲು.

ಕನ್ನಡದಲ್ಲಿ ಓದುವವರು ಎಡವುವುದು ಎಲ್ಲಿ

ಕನ್ನಡ ಮಾಧ್ಯಮದವರಿಗೆ ಕಾಡುವ ತೊಡಕು ವಿಷಯದ್ದಲ್ಲ, ಒಂದೇ ಪದ ಎರಡು ಕೆಲಸ ಮಾಡುವುದರದ್ದು. ‘ಆದಾಯ ಪರಿಣಾಮ’ದಲ್ಲಿ ಆದಾಯವೆಂದರೆ ಕೊಳ್ಳುವವರ ಇನ್‌ಕಮ್, ‘ಸೀಮಾಂತ ಆದಾಯ’ದಲ್ಲಿ (ಇನ್ನೊಂದು ಘಟಕ ಮಾರಿದರೆ ಹೆಚ್ಚಾಗಿ ಬರುವ ಹಣ) ಅದೇ ಪದ ಮಾರುವವರ ರೆವಿನ್ಯೂ. ‘ಒಟ್ಟು ವೆಚ್ಚ ವಿಧಾನ’ ಸ್ಥಿತಿಸ್ಥಾಪಕತ್ವ ಅಳೆಯುವ ದಾರಿ, ಅಲ್ಲಿ ವೆಚ್ಚವೆಂದರೆ ಗ್ರಾಹಕರು ಖರ್ಚು ಮಾಡಿದ ಹಣ. ಎರಡು ಅಧ್ಯಾಯ ದಾಟಿದರೆ ‘ಒಟ್ಟು ವೆಚ್ಚ’ ಉತ್ಪಾದಕರ ಕಾಸ್ಟ್ ಆಗಿಬಿಡುತ್ತದೆ. ‘ಕೊರತೆ’ ವಿರಳತೆಗೂ ಬರುತ್ತದೆ, ಬೆಲೆಮಿತಿಯಿಂದ ಹುಟ್ಟುವ ಅಭಾವಕ್ಕೂ ಬರುತ್ತದೆ. ಇವೆರಡು ಬೇರೆ. ಚಿನ್ನ ಯಾವಾಗಲೂ ವಿರಳ, ಆದರೆ ಅಂಗಡಿಯಲ್ಲಿ ಅಭಾವವಿಲ್ಲ. ದುಡ್ಡು ಕೊಟ್ಟರೆ ಸಿಗುತ್ತದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈ ಜೋಡಿಗಳನ್ನು ಬರೆದಿಟ್ಟುಕೊಂಡು, ಉತ್ತರದಲ್ಲಿ ‘ಕೊಳ್ಳುವವರ ಆದಾಯ’, ‘ಸಂಸ್ಥೆಯ ಹುಟ್ಟುವಳಿ’ ಎಂದು ಯಾರದ್ದೆಂದು ಹೇಳಿಯೇ ಬರೆಯುವುದು ಒಳ್ಳೆಯದು. ಒಂದೇ ಮಟ್ಟದ ತೃಪ್ತಿ ಕೊಡುವ ಸರಕಿನ ಜೋಡಿಗಳನ್ನು ಸೇರಿಸುವ ಗೆರೆಗೆ ಒಂದು ಪುಸ್ತಕ ‘ಉದಾಸೀನತಾ ವಕ್ರರೇಖೆ’ ಎಂದರೆ ಇನ್ನೊಂದು ‘ಔದಾಸೀನ್ಯ ರೇಖೆ’ ಎನ್ನುತ್ತದೆ. ಅದರಿಂದ ಅಂಕ ಹೋಗುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಬೇಡಿಕೆ–ಪೂರೈಕೆ ಎಲ್ಲರಿಗೂ ಸುಲಭ ಎನಿಸುವ ಭಾಗ, ಎಲ್ಲರೂ ತಪ್ಪುವ ಭಾಗವೂ ಅದೇ. ಉತ್ತರ ಪತ್ರಿಕೆಯ ಖಾಯಂ ವಾಕ್ಯ ಹೀಗಿರುತ್ತದೆ: “ಬೇಡಿಕೆ ಹೆಚ್ಚಿದ್ದರಿಂದ ಬೆಲೆ ಏರಿತು, ಬೆಲೆ ಏರಿದ್ದರಿಂದ ಬೇಡಿಕೆ ಕುಸಿಯಿತು, ಆದ್ದರಿಂದ ಬೆಲೆ ಇಳಿಯಿತು.” ಗಾಣದ ಎತ್ತಿನ ಹಾಗೆ ಸುತ್ತುವ ವಾಕ್ಯ. ಗೆರೆಯೇ ಸರಿಯುವುದು ಬೇರೆ, ಗೆರೆಯ ಮೇಲೆ ನಡೆಯುವುದು ಬೇರೆ ಎಂಬುದನ್ನು ಕಲಸಿದ ಫಲ ಇದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನದ ಕೆ.ಆರ್. ಮಾರುಕಟ್ಟೆಯನ್ನು ತೆಗೆದುಕೊಳ್ಳಿ. ಕನಕಾಂಬರ ಬೇಕೆನ್ನುವವರು ಒಮ್ಮೆಲೇ ಹೆಚ್ಚಾದರು: ಬೇಡಿಕೆ ಗೆರೆ ಬಲಕ್ಕೆ ಸರಿಯಿತು. ಆ ದಿನಕ್ಕೆ ಬಂದಿರುವ ಹೂವು ಬಂದಷ್ಟೇ, ನಾಳೆಗೆ ಇಟ್ಟರೆ ಬಾಡುತ್ತದೆ: ಪೂರೈಕೆ ಗೆರೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಹಾಗಾಗಿ ಒತ್ತಡವೆಲ್ಲ ಬೆಲೆಯ ಮೇಲೆ, ಪ್ರಮಾಣದ ಮೇಲೆ ಅಲ್ಲ. ಬೆಲೆ ಏರಿದ ಮೇಲೆ ನಾಲ್ಕು ಮೊಳದ ಜಾಗದಲ್ಲಿ ಎರಡು ಮೊಳ ಕೊಂಡವರು ಹೊಸ ಗೆರೆಯ ಮೇಲೆಯೇ ನಡೆದರು. ಗೆರೆ ಹಿಂದಕ್ಕೆ ಬರಲಿಲ್ಲ. ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಮಾರುಕಟ್ಟೆಯ ಅವಧಿ, ಅಲ್ಪಾವಧಿ, ದೀರ್ಘಾವಧಿ ಎಂದು ಕಾಲವನ್ನು ಸೀಳಿದ್ದು ಇಂಥದ್ದನ್ನು ಹೇಳುವುದಕ್ಕೇ. ಬೆಲೆಯನ್ನು ನಿಂತ ಅಕ್ಷದ ಮೇಲೆ ಹಾಕುವ ರೂಢಿಯೂ ಅವರದ್ದೇ. ಗಣಿತ ಓದಿ ಬಂದವರಿಗೆ ಅದು ಉಲ್ಟಾ ಕಾಣುತ್ತದೆ, ನಿಜವಾಗಿಯೂ ಉಲ್ಟಾ.

ಎರಡೂ ಗೆರೆ ಒಟ್ಟಿಗೆ ಸರಿಯುವ ಪ್ರಶ್ನೆಯಲ್ಲಿ ಒಂದು ಉತ್ತರ ಯಾವಾಗಲೂ ‘ಹೇಳಲಾಗದು’ ಎಂದೇ ಇರುತ್ತದೆ. ಬೇಡಿಕೆ ಹೆಚ್ಚಿ ಪೂರೈಕೆ ಕುಗ್ಗಿದರೆ ಬೆಲೆ ಏರುವುದು ಖಚಿತ, ಪ್ರಮಾಣ ಅನಿಶ್ಚಿತ. ಚಿತ್ರದಲ್ಲಿ ಪ್ರಮಾಣ ಹೆಚ್ಚಿದಂತೆ ಕಂಡರೆ ಅದು ನೀವು ಗೆರೆಯನ್ನು ಎಷ್ಟು ದೂರ ಎಳೆದಿರಿ ಎಂಬುದರ ಫಲ, ಅರ್ಥಶಾಸ್ತ್ರದ್ದಲ್ಲ.

ಸ್ಥಿತಿಸ್ಥಾಪಕತ್ವಕ್ಕೆ ನಮ್ಮ ಮೆಟ್ರೊಗಿಂತ ಒಳ್ಳೆಯ ಪಾಠವಿಲ್ಲ. 2025ರ ಫೆಬ್ರವರಿ 9ರಂದು ಗರಿಷ್ಠ ದರ ₹60ರಿಂದ ₹90ಕ್ಕೆ ಏರಿತು. ಏರಿಕೆ ಶೇಕಡ ಎಷ್ಟು? 60ರ ಮೇಲೆ ಲೆಕ್ಕ ಹಾಕಿದರೆ 50. ಅದೇ ದರ 90ರಿಂದ 60ಕ್ಕೆ ಇಳಿದಿದ್ದರೆ 33.3. ಮಧ್ಯಬಿಂದು 75ರ ಮೇಲೆ ಹಾಕಿದರೆ ಎರಡು ದಿಕ್ಕಿನಲ್ಲೂ 40. ಆ ದೂರಕ್ಕೆ ಟಿಕೆಟ್ 1,000ದಿಂದ 800ಕ್ಕೆ ಇಳಿಯಿತು ಎಂದುಕೊಳ್ಳಿ (ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆ). ಮೊದಲ ವಿಧಾನದಲ್ಲಿ ಸ್ಥಿತಿಸ್ಥಾಪಕತ್ವ 0.4, 90ರಿಂದ 60ಕ್ಕೆ ಇಳಿದಂತೆ ಹಿಮ್ಮುಖವಾಗಿ ನೋಡಿದರೆ 0.75, ಮಧ್ಯಬಿಂದುವಿನಲ್ಲಿ 0.56. ಒಂದೇ ಘಟನೆ, ಮೂರು ಉತ್ತರ. ಪ್ರಶ್ನೆಯಲ್ಲಿ ವಿಧಾನ ಹೇಳದಿದ್ದರೆ ಯಾವುದನ್ನು ಬಳಸಿದಿರಿ ಎಂದು ಒಂದು ಸಾಲು ಬರೆಯಲೇಬೇಕು. ಮೂರೂ ಒಂದಕ್ಕಿಂತ ಕಡಿಮೆ, ಆದ್ದರಿಂದ ಹುಟ್ಟುವಳಿ ಏರಬೇಕು: 60,000 ಇದ್ದದ್ದು 72,000 ಆಯಿತು, ತಾಳೆ ಬಿತ್ತು. ಹೀಗೆ ತಾಳೆ ನೋಡುವ ಅಭ್ಯಾಸ ಇದ್ದರೆ ಪರೀಕ್ಷೆಯಲ್ಲಿ ಗುಣಿಸುವ ಜಾಗದಲ್ಲಿ ಭಾಗಿಸಿದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಪ್ರಶ್ನೆ ಶಕ್ತಿ ಯೋಜನೆ. 2023ರ ಜೂನ್ 11ರಿಂದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ದರ ಸೊನ್ನೆ. ₹20 ಇದ್ದದ್ದು ಸೊನ್ನೆಯಾದರೆ ಸಾಮಾನ್ಯ ವಿಧಾನದಲ್ಲಿ ಇಳಿಕೆ ಶೇ. 100, ಮಧ್ಯಬಿಂದುವಿನಲ್ಲಿ 20 ಭಾಗಿಸು 10, ಅಂದರೆ ಶೇ. 200. ಸೊನ್ನೆಯಿಂದ 20ಕ್ಕೆ ಏರಿಸಿದರೆ ಸಾಮಾನ್ಯ ವಿಧಾನದಲ್ಲಿ ಲೆಕ್ಕವೇ ಆಗದು, ಸೊನ್ನೆಯಿಂದ ಭಾಗಿಸುವಂತಿಲ್ಲ. ಸೂತ್ರ ಎಲ್ಲಿ ಮುರಿಯುತ್ತದೆ ಎಂದು ಗೊತ್ತಾದವರಿಗೆ ಸೂತ್ರ ಮರೆಯುವುದಿಲ್ಲ. ನಂದಿನಿ ಹಾಲಿನದ್ದೂ ಒಳ್ಳೆಯ ಲೆಕ್ಕ. 2024ರ ಜೂನಿನಲ್ಲಿ ಲೀಟರಿನ ಪ್ಯಾಕೆಟ್ಟಿಗೆ 50 ಮಿಲಿ ಸೇರಿಸಿ ₹42 ಇದ್ದದ್ದನ್ನು ₹44 ಮಾಡಿದರು. ಮಿಲಿಗೆ 4.20 ಪೈಸೆ ಇದ್ದದ್ದು 4.19 ಆಯಿತು. ಬೆಲೆ ಏರಲಿಲ್ಲ, ಆದರೆ ದಿನಕ್ಕೊಂದು ಪ್ಯಾಕೆಟ್ ಕೊಳ್ಳುವ ಮನೆಯ ಖರ್ಚು ಏರಿತು. ಬೆಲೆ ಮತ್ತು ವೆಚ್ಚ ಬೇರೆ ಎಂದು ಹೇಳಲು ಇನ್ನೇನು ಬೇಕು?

ಇಳಿಜಾರು ಮತ್ತು ಸ್ಥಿತಿಸ್ಥಾಪಕತ್ವ ಒಂದೇ ಎಂದುಕೊಳ್ಳುವುದು ಈ ಅಧ್ಯಾಯದ ಅತಿ ದೊಡ್ಡ ತಪ್ಪು. ಸರಳ ರೇಖೆಯ ಇಳಿಜಾರು ಉದ್ದಕ್ಕೂ ಒಂದೇ. ಸ್ಥಿತಿಸ್ಥಾಪಕತ್ವ ಮಾತ್ರ ಮೇಲ್ತುದಿಯಲ್ಲಿ ಅನಂತ, ನಡುವೆ ಒಂದು, ಕೆಳತುದಿಯಲ್ಲಿ ಸೊನ್ನೆ.

ಬೆಲೆಮಿತಿಯ ಪಾಠಕ್ಕೆ ಪುಸ್ತಕಗಳು ಇನ್ನೂ ಯುದ್ಧಕಾಲದ ಪಡಿತರವನ್ನೇ ಹಿಡಿದು ಕೂತಿವೆ. ಕಿಟಕಿ ತೆರೆದರೆ ಆಟೊ ಕಾಣುತ್ತದೆ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ ₹36, ಆಮೇಲೆ ಕಿ.ಮೀ.ಗೆ ₹18. ಐದು ಕಿ.ಮೀ.ಗೆ ₹90. ಬಿಸಿಲಿನ ಮಧ್ಯಾಹ್ನ ಮೂರಕ್ಕೆ ಈ ಮಿತಿ ಸಮತೋಲನಕ್ಕಿಂತ ಮೇಲೇ ಇರಬಹುದು, ಆಗ ಅದಕ್ಕೆ ಬಲವಿಲ್ಲ. ಸಂಜೆ ಆರಕ್ಕೆ ಮಳೆ ಹಿಡಿದರೆ ಬೇಡಿಕೆ ಬಲಕ್ಕೆ ಸರಿಯುತ್ತದೆ, ಮಿತಿ ಸಮತೋಲನದ ಕೆಳಗೆ ಬೀಳುತ್ತದೆ, ಅಭಾವ ಹುಟ್ಟುತ್ತದೆ. “ಮೀಟರ್ ಮೇಲೆ ಮೂವತ್ತು ಕೊಡಿ ಸಾರ್” ಎಂಬುದು ಆ ಅಭಾವದ ಬೆಲೆ. ಅದೇ ಮಿತಿ ಮಧ್ಯಾಹ್ನ ನಿಷ್ಕ್ರಿಯ, ಸಂಜೆ ಸಕ್ರಿಯ ಎಂದು ಎರಡು ಚಿತ್ರ ಪಕ್ಕಪಕ್ಕ ಬರೆದರೆ ಪೂರ್ತಿ ಅಂಕದ ಉತ್ತರ. 2024ರ ಮಾರ್ಚಿನಲ್ಲಿ ನೀರಿನ ಬವಣೆಯ ಹೊತ್ತಿಗೆ ಜಿಲ್ಲಾಡಳಿತ ಟ್ಯಾಂಕರಿಗೆ ಮಿತಿ ಹಾಕಿತ್ತು: 5 ಕಿ.ಮೀ. ಒಳಗೆ 6,000 ಲೀಟರಿಗೆ ₹600, 12,000 ಲೀಟರಿಗೆ ₹1,000. ಆಡಂ ಸ್ಮಿತ್ 1776ರಲ್ಲಿ ಎತ್ತಿದ ನೀರು–ವಜ್ರದ ಒಗಟನ್ನು (ಬದುಕಿಗೇ ಬೇಕಾದ ನೀರು ಅಗ್ಗ, ಇಲ್ಲದಿದ್ದರೂ ನಡೆಯುವ ವಜ್ರ ದುಬಾರಿ ಯಾಕೆ) ವಿವರಿಸಲು ಆ ಮಾರ್ಚ್ ಸಾಕು. ಬದುಕಿಗೆ ನೀರು ಎಷ್ಟು ಮುಖ್ಯ ಎಂಬುದು ಬದಲಾಗಿರಲಿಲ್ಲ. ನೀರು ವಿರಳವಾಗಿ ಕೊನೆಯ ಬಿಂದಿಗೆಯ ತುಷ್ಟಿಗುಣ (ಅದರಿಂದ ಸಿಗುವ ತೃಪ್ತಿ) ಏರಿತ್ತು, ಅದರೊಂದಿಗೆ ಬೆಲೆಯೂ. ಚಿತ್ರದಲ್ಲಿ ಎಚ್ಚರಿಕೆ ಒಂದೇ: ಗರಿಷ್ಠ ಬೆಲೆಯ ಗೆರೆ ಸಮತೋಲನದ ಕೆಳಗೆ, ಕನಿಷ್ಠ ಬೆಲೆಯ ಗೆರೆ ಮೇಲೆ. ಹೆಸರು ಕೇಳಿ ಉಲ್ಟಾ ಹಾಕುವವರು ಪ್ರತಿ ವರ್ಷವೂ ಇದ್ದಾರೆ. ರಾಗಿಯ ಬೆಂಬಲ ಬೆಲೆ 2025–26ಕ್ಕೆ ಕ್ವಿಂಟಲಿಗೆ ₹4,886, ಇದು ಕನಿಷ್ಠ ಬೆಲೆಯ ಉದಾಹರಣೆ. ಆದರೆ ಮಿಕ್ಕ ರಾಗಿಯನ್ನು ಸರ್ಕಾರ ಕೊಳ್ಳದಿದ್ದರೆ ಆ ಗೆರೆ ಬರೀ ಗೆರೆ ಎಂದು ಬರೆಯಲು ಮರೆಯಬಾರದು.

ಅನುಭೋಗಿಯ ಅಧ್ಯಾಯದಲ್ಲಿ ಮಾರ್ಷಲ್‌ರ ತುಷ್ಟಿಗುಣ ಕೋಷ್ಟಕ ಬೇಗ ಮುಗಿಯುತ್ತದೆ. ಕಷ್ಟವೆಲ್ಲ ಉದಾಸೀನತಾ ವಕ್ರರೇಖೆಯಲ್ಲಿ, ಅದರಲ್ಲೂ ಬೆಲೆ ಪರಿಣಾಮವನ್ನು ಬದಲಿ ಪರಿಣಾಮ, ಆದಾಯ ಪರಿಣಾಮ ಎಂದು ಎರಡಾಗಿ ಸೀಳುವುದರಲ್ಲಿ. ಕ್ರಮ ಇದು. ಕೈಯಲ್ಲಿ ₹300, ಮಸಾಲೆ ದೋಸೆ ₹60, ಕಾಫಿ ₹20. ಮೊದಲ ಆಯವ್ಯಯ ರೇಖೆ (ಕೈಯಲ್ಲಿರುವ ಹಣಕ್ಕೆ ಕೊಳ್ಳಬಹುದಾದ ಜೋಡಿಗಳ ಗೆರೆ) 5 ದೋಸೆಯಿಂದ 15 ಕಾಫಿಗೆ. ದೋಸೆ ₹50 ಆದರೆ ಹೊಸ ರೇಖೆ 6 ದೋಸೆಯಿಂದ ಅದೇ 15 ಕಾಫಿಗೆ. ಮೂರನೆಯದು ಸರಿದೂಗಿಸುವ ರೇಖೆ, ಅದು ಹೊಸ ರೇಖೆಗೆ ಸಮಾನಾಂತರವಾಗಿರಬೇಕು. ಹಳೆಯದಕ್ಕೆ ಸಮಾನಾಂತರವಾಗಿ ಎಳೆಯುವುದೇ ಇಲ್ಲಿನ ಮಾಮೂಲಿ ತಪ್ಪು. ಹಿಕ್ಸ್ ವಿಧಾನದಲ್ಲಿ ಅದು ಹಳೆಯ ವಕ್ರರೇಖೆಯನ್ನು ಮುಟ್ಟುತ್ತದೆ. ಸ್ಲಟ್‌ಸ್ಕಿ ವಿಧಾನದಲ್ಲಿ ಹಳೆಯ ಆಯ್ಕೆಯ ಬಿಂದುವಿನ ಮೂಲಕ ಹಾಯುತ್ತದೆ. ಹಳೆಯ ಆಯ್ಕೆ 3 ದೋಸೆ, 6 ಕಾಫಿ ಆಗಿದ್ದರೆ ಹೊಸ ಬೆಲೆಯಲ್ಲಿ ಅದಕ್ಕೆ ₹270 ಸಾಕು. ಹಾಗಾಗಿ ₹30 ಕಿತ್ತುಕೊಂಡು 5.4 ದೋಸೆಯಿಂದ 13.5 ಕಾಫಿಗೆ ರೇಖೆ ಎಳೆಯಿರಿ. ಸಂಖ್ಯೆ ಹಾಕಿ ಒಮ್ಮೆ ಗ್ರಾಫ್ ಹಾಳೆಯ ಮೇಲೆ ಬರೆದರೆ ಮರೆಯುವ ವಿಷಯವಲ್ಲ. ಸ್ಲಟ್‌ಸ್ಕಿ ಇದನ್ನು ಬರೆದದ್ದು 1915ರಲ್ಲಿ, ಹಿಕ್ಸ್ ಮತ್ತು ಆ್ಯಲನ್ 1934ರಲ್ಲಿ; ಪುಸ್ತಕಗಳು ಮಾತ್ರ ಹಿಕ್ಸ್‌ರನ್ನೇ ಮೊದಲು ಹೇಳುತ್ತವೆ. ಗಿಫೆನ್ ಸರಕಿಗೆ (ಬೆಲೆ ಏರಿದರೆ ಹೆಚ್ಚು ಕೊಳ್ಳುವಂಥದ್ದು) ಚಿನ್ನ, ವಜ್ರ ಬರೆದರೆ ತಪ್ಪು, ಅವು ಪ್ರತಿಷ್ಠೆಯ ಸರಕು. ಗಿಫೆನ್ ಎಂದರೆ ಬಡವರ ತಟ್ಟೆಯ ಮುಖ್ಯ ಧಾನ್ಯ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೀನಾದ ಹುನಾನ್ ಪ್ರಾಂತ್ಯದ ಬಡ ಕುಟುಂಬಗಳ ಅಕ್ಕಿಯಲ್ಲಿ ಅದನ್ನು ಕಂಡಿತು.

ಇಡ್ಲಿ ಅಂಗಡಿಯ ಕೋಷ್ಟಕ

ಉತ್ಪಾದನೆ ಒಂದು ಅಧ್ಯಾಯ, ವೆಚ್ಚ ಇನ್ನೊಂದು ಅಧ್ಯಾಯ ಎಂದು ಬೇರೆ ಬೇರೆ ಕಲಿಸುವುದು ಈ ಪೇಪರಿನ ಅತಿ ದೊಡ್ಡ ಲೋಪ. ಎರಡೂ ಒಂದೇ ಕೋಷ್ಟಕದ ಎರಡು ಮಗ್ಗುಲು. ಒಂದು ದರ್ಶಿನಿಯ ಅಡುಗೆಮನೆ ಎಂದುಕೊಳ್ಳಿ, ಒಲೆ ಎರಡೇ. ಕೆಲಸಗಾರರು ಒಬ್ಬರಿಂದ ಆರು ಜನರವರೆಗೆ ಏರಿದಂತೆ ಗಂಟೆಗೆ ಹೊರಬರುವ ಇಡ್ಲಿ ಪ್ಲೇಟು ಕ್ರಮವಾಗಿ 40, 100, 150, 180, 190, 186. ಸೀಮಾಂತ ಉತ್ಪನ್ನ (ಇನ್ನೊಬ್ಬರು ಸೇರಿದ್ದರಿಂದ ಹೆಚ್ಚಿದ್ದು) 40, 60, 50, 30, 10, −4. ಸರಾಸರಿ 40, 50, 50, 45, 38, 31. ಇಲ್ಲಿ ನಿಂತು ನೋಡಿ: ಮೂರನೆಯವರು ಬಂದಾಗ ಸೀಮಾಂತ 60ರಿಂದ 50ಕ್ಕೆ ಇಳಿಯಿತು, ಸರಾಸರಿ ಇಳಿಯಲಿಲ್ಲ. ಸೀಮಾಂತ ಇಳಿಯಲು ಶುರುವಾದ ಕೂಡಲೇ ಸರಾಸರಿಯೂ ಇಳಿಯುತ್ತದೆ ಎಂಬುದು ತಪ್ಪು. ಸೀಮಾಂತ ಸರಾಸರಿಗಿಂತ ಕೆಳಗೆ ಹೋದ ಮೇಲೆ ಮಾತ್ರ ಸರಾಸರಿ ಇಳಿಯುತ್ತದೆ. ಆರನೆಯವರು ಬಂದರೆ ಉತ್ಪನ್ನ ಕುಗ್ಗುವುದು ಅವರು ಸೋಮಾರಿ ಎಂದಲ್ಲ, ಎರಡು ಒಲೆಯ ಮುಂದೆ ನಿಲ್ಲಲು ಜಾಗವಿಲ್ಲ ಎಂದು. ಇಳಿಮುಖ ಪ್ರತಿಫಲಕ್ಕೆ ‘ಕೆಲಸಗಾರರ ದಕ್ಷತೆ ಕಡಿಮೆಯಾದ್ದರಿಂದ’ ಎಂದು ಕಾರಣ ಬರೆದರೆ ಅಂಕ ಹೋಗುತ್ತದೆ, ಹೋಗಬೇಕು ಕೂಡ.

ಈಗ ಅದೇ ಕೋಷ್ಟಕವನ್ನು ಮಗುಚಿ. ಅಕ್ಕಿ, ಉದ್ದು, ಗ್ಯಾಸನ್ನು ಲೆಕ್ಕದಿಂದ ಬಿಡೋಣ. ಬೆಲೆ ಎಂದಾಗಲೂ ಅವುಗಳ ಖರ್ಚು ಕಳೆದು ಉಳಿದದ್ದು ಎಂದು ತಿಳಿಯಿರಿ. ಕೂಲಿ ತಲಾ ಗಂಟೆಗೆ ₹150, ಬಾಡಿಗೆ ಇತ್ಯಾದಿ ಸ್ಥಿರ ವೆಚ್ಚ ಗಂಟೆಗೆ ₹300. ಪ್ಲೇಟಿನ ಸರಾಸರಿ ಬದಲಾಗುವ ವೆಚ್ಚ ₹3.75, 3, 3, 3.33, 3.95. ಸೀಮಾಂತ ವೆಚ್ಚ (ಇನ್ನೊಂದು ಪ್ಲೇಟಿಗೆ ತಗಲುವುದು) 3.75, 2.50, 3, 5, 15. ಸರಾಸರಿ ಒಟ್ಟು ವೆಚ್ಚ 11.25, 6, 5, 5, 5.53. ಸೀಮಾಂತ ವೆಚ್ಚ 150 ಪ್ಲೇಟಿನಲ್ಲಿ ₹3 ಆಗಿ ಬದಲಾಗುವ ವೆಚ್ಚದ ತಳವನ್ನು ಮುಟ್ಟುತ್ತದೆ. ಸರಾಸರಿ ಉತ್ಪನ್ನ ಶಿಖರದಲ್ಲಿದ್ದದ್ದೂ ಅಲ್ಲೇ. 180ರಲ್ಲಿ ₹5 ಆಗಿ ಒಟ್ಟು ವೆಚ್ಚದ ತಳವನ್ನು ಮುಟ್ಟುತ್ತದೆ. ಅಂಗಡಿ ಮುಚ್ಚುವ ಬಿಂದು ₹3, ಲಾಭ–ನಷ್ಟ ಸಮವಾಗುವ ಬಿಂದು ₹5.

ಬೆಲೆ ₹4 ಇದ್ದರೆ? ಸೀಮಾಂತ ವೆಚ್ಚ ₹4 ದಾಟದಷ್ಟು ಮಾಡಬೇಕು, ಅಂದರೆ 150 ಪ್ಲೇಟು. ಬಂದದ್ದು ₹600, ಕೂಲಿ ₹450, ಉಳಿದ ₹150 ಬಾಡಿಗೆಯ ಕಡೆಗೆ. ನಷ್ಟ ₹150. ಬಾಗಿಲು ಹಾಕಿದರೆ ನಷ್ಟ ₹300. ನಷ್ಟದಲ್ಲಿದ್ದೂ ಅಂಗಡಿ ತೆರೆದಿರುವುದು ಯಾಕೆ ಎಂಬ ಹತ್ತು ಅಂಕದ ಪ್ರಶ್ನೆಗೆ ಈ ನಾಲ್ಕು ಸಾಲೇ ಉತ್ತರ. ಇದನ್ನು ಗ್ರಾಫಿಗೆ ಹಾಕುವಾಗ ಸೀಮಾಂತದ ಬಿಂದುಗಳನ್ನು ಎರಡು ಪ್ರಮಾಣಗಳ ನಡುವೆ ಇಡಿ: 100 ಮತ್ತು 150ರ ಸೀಮಾಂತ 125ರ ಮೇಲೆ. ನೇರ 150ರ ಮೇಲೆ ಇಟ್ಟರೆ ಕೈಬರಹದ ಗೆರೆ ಸರಾಸರಿಯ ತಳದಿಂದ ಪಕ್ಕಕ್ಕೆ ಜಾರಿ, ‘ಪುಸ್ತಕ ಸುಳ್ಳು ಹೇಳುತ್ತಿದೆ’ ಎನಿಸುತ್ತದೆ.

ಸ್ಥಿರ ಮತ್ತು ಸೀಮಾಂತ ವೆಚ್ಚದ ವ್ಯತ್ಯಾಸಕ್ಕೂ ಊರಲ್ಲೇ ಉದಾಹರಣೆ ಇದೆ. ಪ್ರತಿ ಸವಾರಿಯಲ್ಲಿ ಇಂತಿಷ್ಟು ಪಾಲು ಕೀಳುವ ಆ್ಯಪ್ ಚಾಲಕರ ಸೀಮಾಂತ ವೆಚ್ಚವನ್ನು ಏರಿಸುತ್ತದೆ, ಹಾಗಾಗಿ ಸಣ್ಣ ಸವಾರಿ ಬೇಡವಾಗುತ್ತದೆ. 2022ರಲ್ಲಿ ಬಂದ ಆಟೊ ಆ್ಯಪ್ ‘ನಮ್ಮ ಯಾತ್ರಿ’ ದಿನಕ್ಕೆ ₹25ರ ಚಂದಾ ಮಾಡಿತು. ಅದು ಸ್ಥಿರ ವೆಚ್ಚ. ಕಟ್ಟಿದ ಮೇಲೆ ಮುಂದಿನ ಸವಾರಿಯ ತೀರ್ಮಾನಕ್ಕೆ ಅದು ಅಡ್ಡಬರುವುದಿಲ್ಲ. 2025ರಲ್ಲಿ ಊಬರ್ ಕೂಡ ಆಟೊಗೆ ಇದೇ ದಾರಿ ಹಿಡಿಯಿತು.

ಮಾರುಕಟ್ಟೆ ಸ್ವರೂಪಗಳಲ್ಲಿ ಬಾಯಿಪಾಠದ ಲಕ್ಷಣಗಳು ಹೆಚ್ಚು, ತಿಳಿವಳಿಕೆ ಕಡಿಮೆ. ಏಕಸ್ವಾಮ್ಯಕ್ಕೆ ಒಂದು ಲೆಕ್ಕ ಸಾಕು. ಬೇಡಿಕೆ ಬೆಲೆ = 100 − ಪ್ರಮಾಣ, ಸೀಮಾಂತ ವೆಚ್ಚ 20. ಸೀಮಾಂತ ಹುಟ್ಟುವಳಿ 100 − 2 × ಪ್ರಮಾಣ. ಸಮ ಮಾಡಿದರೆ ಪ್ರಮಾಣ 40. ಬೆಲೆ? ಇಲ್ಲಿ ಅನೇಕರು 20 ಎಂದು ಬರೆದು ಮುಗಿಸುತ್ತಾರೆ. ಬೆಲೆಯನ್ನು ಬೇಡಿಕೆ ಗೆರೆಯವರೆಗೆ ಏರಿ ಓದಬೇಕು: 60. ಪೈಪೋಟಿಯಿದ್ದರೆ ಪ್ರಮಾಣ 80, ಬೆಲೆ 20; ಏಕಸ್ವಾಮ್ಯದಿಂದ ಯಾರಿಗೂ ದಕ್ಕದೆ ಹೋದದ್ದು ½ × 40 × 40 = 800. ಏಕಸ್ವಾಮ್ಯದವರಿಗೆ ನಷ್ಟವೇ ಆಗದು ಎಂಬುದು ತಪ್ಪು. ಸ್ಥಿರ ವೆಚ್ಚ 1,600 ದಾಟಿದರೆ ಇಲ್ಲಿ ನಷ್ಟವೇ. ಏಕಸ್ವಾಮ್ಯಯುತ ಪೈಪೋಟಿಗೆ ಟೂತ್‌ಪೇಸ್ಟ್ ಬಿಟ್ಟು ಒಂದೇ ರಸ್ತೆಯ ನಾಲ್ಕು ದರ್ಶಿನಿ ಬರೆಯಿರಿ: ಇಡ್ಲಿ ಒಂದೇ, ಚಟ್ನಿ ಬೇರೆ. ಜೋನ್ ರಾಬಿನ್‌ಸನ್, ಚೇಂಬರ್ಲಿನ್ ಇಬ್ಬರೂ 1933ರಲ್ಲೇ ಬರೆದರು, ಆದರೆ ಇಬ್ಬರದ್ದೂ ಒಂದೇ ಮಾತಲ್ಲ. ಏಕಸ್ವಾಮ್ಯಯುತ ಪೈಪೋಟಿ ಎಂಬ ಹೆಸರು ಚೇಂಬರ್ಲಿನ್‌ರದ್ದು. ಬೆಲೆ ತಾರತಮ್ಯಕ್ಕೆ ಮೆಟ್ರೊ ಸ್ಮಾರ್ಟ್‌ಕಾರ್ಡಿನ ಶೇ. 5 ರಿಯಾಯಿತಿ, ದಟ್ಟಣೆಯಿಲ್ಲದ ಹೊತ್ತಿನ ಇನ್ನೊಂದು ಶೇ. 5.

ಗೇಣಿ, ಕೂಲಿ, ಬಡ್ಡಿ, ಲಾಭದ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1817ರ ರಿಕಾರ್ಡೊನಿಂದ ಒಂದೊಂದು ಸಿದ್ಧಾಂತಕ್ಕೆ ಒಂದೊಂದು ಪುಟ, ನಾಲ್ಕು ಟೀಕೆ. ಪರೀಕ್ಷೆಗೆ ಓದಿ, ಮುಂದೆ ಹೋಗಿ. ಬೇಸರವೆಂದರೆ ಇದಕ್ಕೆ ಕೊಟ್ಟ ಜಾಗದಲ್ಲಿ ಬಾಹ್ಯ ಪರಿಣಾಮಗಳು ಬರಬೇಕಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ ಇರುವ ಊರಿನಲ್ಲಿ, ನನ್ನ ಕಾರು ನಿಮ್ಮ ಹೊತ್ತನ್ನು ತಿನ್ನುವುದಕ್ಕೆ ನಾನು ಯಾಕೆ ಬೆಲೆ ತೆರುವುದಿಲ್ಲ ಎಂಬ ಪಾಠವೇ ಇಲ್ಲದ ಪಠ್ಯಕ್ರಮಗಳಿವೆ ಎಂದರೆ ಏನೆನ್ನಬೇಕು.

ಗೈಡ್ ಕೊಳ್ಳುವ ಮುನ್ನ

ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಈ ಪೇಪರಿನ ಗೈಡುಗಳು ಧಾರಾಳ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ಮೂರು ಚಿತ್ರ ತೆರೆದು ನೋಡಿ, ಐದು ನಿಮಿಷ ಸಾಕು. ಒಂದು, ಅಲ್ಪಾವಧಿ ವೆಚ್ಚ: ಸೀಮಾಂತ ರೇಖೆ ಎರಡೂ ಸರಾಸರಿ ರೇಖೆಗಳ ತಳದಲ್ಲಿಯೇ ಹಾಯಬೇಕು, ಪಕ್ಕದಲ್ಲಲ್ಲ. ಎರಡು, ಏಕಸ್ವಾಮ್ಯ: ಬೇಡಿಕೆ ಸರಳ ರೇಖೆಯಾಗಿದ್ದರೆ ಸೀಮಾಂತ ಹುಟ್ಟುವಳಿ ಅಡ್ಡ ಅಕ್ಷವನ್ನು ಬೇಡಿಕೆ ಗೆರೆ ಕಡಿಯುವ ದೂರದ ಸರಿಯರ್ಧದಲ್ಲಿ ಕಡಿಯಬೇಕು. ಮೂರು, ದೀರ್ಘಾವಧಿ ಸರಾಸರಿ ವೆಚ್ಚ: ಅದು ಅಲ್ಪಾವಧಿ ರೇಖೆಗಳನ್ನು ಕೆಳಗಿನಿಂದ ಸವರಿಕೊಂಡು ಹೋಗಬೇಕು, ಆದರೆ ತಳದಲ್ಲಿ ತಳವನ್ನು ಮುಟ್ಟುವುದು ಒಂದನ್ನು ಮಾತ್ರ. ಎಡಗಡೆಯವನ್ನು ತಳಕ್ಕಿಂತ ಎಡಕ್ಕೆ, ಬಲಗಡೆಯವನ್ನು ತಳಕ್ಕಿಂತ ಬಲಕ್ಕೆ ಮುಟ್ಟುತ್ತದೆ. ಗೈಡುಗಳು ಇದರಲ್ಲಿ ಎಡವಿದರೆ ಅಚ್ಚರಿಯಿಲ್ಲ. 1931ರಲ್ಲಿ ಹೆಸರಾಂತ ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ ಅಂಥವರೇ ಎಲ್ಲ ರೇಖೆಗಳ ತಳವನ್ನೂ ಮುಟ್ಟುವಂತೆ ಬರೆಯಲು ತಮ್ಮ ಚಿತ್ರಕಾರ ವಾಂಗ್‌ಗೆ ಹೇಳಿದ್ದರು. ಗಣಿತದ ಪ್ರಕಾರ ಅದು ಆಗದು ಎಂದು ವಾಂಗ್ ಕಂಡುಕೊಂಡಿದ್ದರು. ತಪ್ಪು ಚಿತ್ರವೇ ಅಚ್ಚಾಯಿತು. ಮೂರರಲ್ಲಿ ಎರಡು ಚಿತ್ರ ತಪ್ಪಿದ್ದರೆ ಗೈಡನ್ನು ಅಲ್ಲೇ ಇಟ್ಟು ಬನ್ನಿ. ಅದರ ಬದಲಿಗೆ ದ್ವಿತೀಯ ಪಿಯು ಅರ್ಥಶಾಸ್ತ್ರದ ಸರ್ಕಾರಿ ಪುಸ್ತಕ ಸಾಕು. ಅದರ ಅಭ್ಯಾಸ ಲೆಕ್ಕಗಳು ಹಲವು ಡಿಗ್ರಿ ಗೈಡುಗಳಿಗಿಂತ ವಾಸಿ.

ಪರೀಕ್ಷೆಯ ಹಾಳೆಯಲ್ಲಿ ಚಿತ್ರ ಅರ್ಧ ಪುಟದಷ್ಟು ದೊಡ್ಡದಿರಲಿ. ಬೆರಳಗಲದ ಚಿತ್ರದಲ್ಲಿ ಯಾವ ಬಿಂದು ಎಲ್ಲಿದೆ ಎಂದು ಮೌಲ್ಯಮಾಪಕರು ಹುಡುಕುತ್ತಾ ಕೂರುವುದಿಲ್ಲ. ಅಕ್ಷ ಎಳೆದ ಕೂಡಲೇ ಹೆಸರು ಬರೆಯಿರಿ, ಆಮೇಲೆ ಗೆರೆ, ಆಮೇಲೆ ಸಮತೋಲನದಿಂದ ಎರಡೂ ಅಕ್ಷಕ್ಕೆ ಚುಕ್ಕಿ ಗೆರೆ, ಕೊನೆಗೆ ಬಾಣ. ಹೆಸರನ್ನು ಕೊನೆಗೆಂದು ಇಟ್ಟುಕೊಂಡರೆ ಮರೆಯುವುದು ಅದೇ. ವೆಚ್ಚದ ಚಿತ್ರದಲ್ಲಿ ಮಾತ್ರ ಕ್ರಮ ಬೇರೆ: ಮೊದಲು ಎರಡು ಸರಾಸರಿ ರೇಖೆಗಳ ತಳಕ್ಕೆ ಚುಕ್ಕಿ ಇಡಿ, ಒಟ್ಟು ವೆಚ್ಚದ ಚುಕ್ಕಿ ಬಲಕ್ಕೆ ಮತ್ತು ಮೇಲಕ್ಕೆ, ಆ ಚುಕ್ಕಿಗಳ ಮೂಲಕ ಸೀಮಾಂತವನ್ನು ಹಾಯಿಸಿ, ಸರಾಸರಿಗಳನ್ನು ಆಮೇಲೆ ಎಳೆಯಿರಿ. ಸರಾಸರಿ ಮೊದಲು ಎಳೆದವರ ಸೀಮಾಂತ ರೇಖೆ ಎರಡರಲ್ಲಿ ಒಂದರ ತಳವನ್ನು ತಪ್ಪಿಯೇ ತಪ್ಪುತ್ತದೆ, ಆಗ ರಬ್ಬರ್ ಹುಡುಕಲು ಎರಡು ನಿಮಿಷ. ಎಚ್‌ಬಿ ಪೆನ್ಸಿಲ್ ಎರಡು, 30 ಸೆಂ.ಮೀ. ಪಟ್ಟಿ ಒಂದು, ಆಯವ್ಯಯ ರೇಖೆಗೆ 15 ಸೆಂ.ಮೀ.ದು ಸಾಲುವುದಿಲ್ಲ.